ಹೊಗೆಯಿಲ್ಲದ ಸೋಮವಾರ

"ನಾನು ನಡ್ಕೊಂಡೇ ಬರ್ತೀನಿ ಮೇಡಂ."

ಮಂಜುನಾಥನ ಎಲ್ಲ ಕಷ್ಟಕ್ಕೂ ಈ ಒಂದು ಮಾತೇ ಮೂಲ. ಶುಕ್ರವಾರದ ಮೀಟಿಂಗಿನಲ್ಲಿ ಅವನು ಎದ್ದು ನಿಂತು ಇದನ್ನು ಹೇಳಿದಾಗ ಹಿಂದಿನ ಸಾಲಿನಲ್ಲಿ ಬೋಂಡಾ ಮೆಲ್ಲುತ್ತಿದ್ದವರು ಕೂಡ ಬಾಯಿ ಆಡಿಸುವುದನ್ನು ನಿಲ್ಲಿಸಿ ಅವನತ್ತ ತಿರುಗಿದರು. ಪೊನ್ನಂಪೇಟೆಯ ಆ ಸರ್ಕಾರಿ ಕಚೇರಿಯಲ್ಲಿ ಯಾರೂ ಬಲವಂತ ಮಾಡದೆ ತಾನಾಗಿ ಎದ್ದು ಒಂದು ಆದೇಶವನ್ನು ಒಪ್ಪಿಕೊಂಡ ಗುಮಾಸ್ತನನ್ನು ಅವರು ಅದುವರೆಗೆ ಕಂಡಿರಲಿಲ್ಲ.

ಆದೇಶ ಬಂದದ್ದು ಮೇಲಿನಿಂದ. ವಾಹನಗಳ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ, ಆದ್ದರಿಂದ ಸರ್ಕಾರಿ ನೌಕರರು ತಿಂಗಳಿಗೊಂದು ಸೋಮವಾರ ಪೆಟ್ರೋಲು ಡೀಸೆಲು ಸುಡದೆ ಕಚೇರಿಗೆ ಬರಬೇಕು. ನಡೆದು ಬರಬಹುದು, ಸೈಕಲ್ ತುಳಿಯಬಹುದು, ಏನೂ ಆಗದಿದ್ದರೆ ಬಸ್ಸು ಹತ್ತಬಹುದು. ಹೊಸದಾಗಿ ಬಂದಿದ್ದ ಅಧಿಕಾರಿ ಯಮುನ ಮೇಡಂ ಇದನ್ನು ತುಂಬ ಮನಸ್ಸಿಗೆ ಹಚ್ಚಿಕೊಂಡಿದ್ದರು. ಅವರ ಕ್ವಾರ್ಟರ್ಸ್ ಕಚೇರಿಯ ಹಿತ್ತಲಿಗೇ ಅಂಟಿಕೊಂಡಿದ್ದರಿಂದ ಅವರಿಗೆ ಹೊಗೆಯಿಲ್ಲದೆ ಬರುವುದು ಏನೂ ಕಷ್ಟವಿರಲಿಲ್ಲ ಅನ್ನುವುದು ಬೇರೆ ಮಾತು.

"ಬೆಂಗಳೂರಿಗೆ ಬ್ಯಾಟರಿ ಬಸ್ ಬಂತು. ನಮ್ಮ ತೋಟದ ದಾರಿಗಳಿಗೆ ಅದು ಬರೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ," ಎಂದರು ಮೇಡಂ. "ನಮ್ಮ ಕೈಯಲ್ಲಿರೋದು ಒಂದೇ, ಓಡಾಟ ಕಡಿಮೆ ಮಾಡೋದು. ಕುಶಾಲನಗರದ ಆಫೀಸಲ್ಲಿ ಒಂದು ಜಾಗ ಖಾಲಿ ಇದೆ, ಅದಕ್ಕೆ ಒಬ್ಬರ ಹೆಸರು ಕೇಳಿದ್ದಾರೆ. ಸೋಮವಾರ ಯಾರು ಹೇಗೆ ಬರ್ತೀರಿ ಅಂತ ನಾನೇ ಗೇಟಲ್ಲಿ ನಿಂತು ನೋಡ್ತೀನಿ. ಅದನ್ನ ನೋಡಿಯೇ ಹೆಸರು ಬರೀತೀನಿ."

ಕುಶಾಲನಗರ ಅಂದದ್ದೇ ತಡ, ಮಂಜುನಾಥ ಎದ್ದು ನಿಂತಿದ್ದ.

ಅವನನ್ನು ಬೈಯುವಂತಿಲ್ಲ. ಅವನ ಹೆಂಡತಿ, ತಾಯಿ, ಮಗಳು ಎಲ್ಲರೂ ಇದ್ದದ್ದು ಕುಶಾಲನಗರದಲ್ಲಿ. ಅವನೊಬ್ಬ ಮಾತ್ರ ಪೊನ್ನಂಪೇಟೆಗೆ ಬರುವ ಒಳದಾರಿಯಲ್ಲಿ, ತಿಮ್ಮಯ್ಯನವರ ಕಾಫಿ ತೋಟದ ಔಟ್‌ಹೌಸಿನಲ್ಲಿ ಬಾಡಿಗೆಗೆ ಇದ್ದು, ತಾನೇ ಅನ್ನ ಬೇಯಿಸಿಕೊಂಡು, ತಾನೇ ಅದನ್ನು ಬೈದುಕೊಂಡು ತಿನ್ನುತ್ತಿದ್ದ. ಶನಿವಾರ ಬೈಕಿನಲ್ಲಿ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಅಲ್ಲಿಂದಲೇ ನೇರ ಕಚೇರಿಗೆ ಬರುವುದು ಅವನ ಪದ್ಧತಿ. ಮಗಳು ಲಿಖಿತಾಗೆ ಆಗಿನ್ನೂ ಅಂಗನವಾಡಿಯ ವಯಸ್ಸು. ಅಲ್ಲಿ ಟೀಚರು "ನಿಮ್ಮಪ್ಪ ಯಾರಮ್ಮ?" ಎಂದು ಕೇಳಿದಾಗ ಅವಳು "ಭಾನುವಾರದಪ್ಪ" ಎಂದಿದ್ದಳಂತೆ. ಹೆಂಡತಿ ವೀಣಾ ಇದನ್ನು ನಗುತ್ತಲೇ ಹೇಳಿದ್ದಳು. ಕೇಳಿದ ಮಂಜುನಾಥನಿಗೆ ಮಾತ್ರ ನಗು ಬಂದಿರಲಿಲ್ಲ. ಈ ಜಾಗ ಅವನಿಗೆ ಬೇಕೇ ಬೇಕಿತ್ತು.

ಮೀಟಿಂಗ್ ಮುಗಿದ ಮೇಲೆ ಪಕ್ಕದ ಮೇಜಿನ ಪರಮೇಶಪ್ಪ ಅವನನ್ನು ಮೂಲೆಗೆ ಕರೆದ. ಪರಮೇಶಪ್ಪ ದಿನಾ ಕುಶಾಲನಗರದಿಂದಲೇ ಓಡಾಡುವವನು. ಅವನ ಹಳೆಯ ಡೀಸೆಲ್ ಕಾರು ದಾರಿ ಮಧ್ಯದ ಅಮ್ಮತ್ತಿಯಲ್ಲಿ ಬಿಟ್ಟ ಹೊಗೆ, ಅವನು ಕಚೇರಿಗೆ ಬಂದು ಹಾಜರಿ ಹಾಕಿದ ಮೇಲೂ ಅಮ್ಮತ್ತಿಯಲ್ಲೇ ನಿಂತಿರುತ್ತಿತ್ತು.

"ನಿನಗೇನು ತಲೆ ಕೆಟ್ಟಿದೆಯಾ? ನಿಜವಾಗ್ಲೂ ನಡೀತೀಯಾ?" ಎಂದ ಪರಮೇಶಪ್ಪ. "ನಾನು ನೋಡು, ಬೇಕರಿ ಹಿಂದೆ ಕಾರು ಬಿಡ್ತೀನಿ. ಹಣೆಗೆ ಎರಡು ಹನಿ ನೀರು ಹಚ್ಕೋತೀನಿ. ಬಸ್ಸಲ್ಲಿ ನಿಂತ್ಕೊಂಡು ಬಂದೆ ಮೇಡಂ, ಕಾಲೆಲ್ಲ ನೋವು ಅಂತೀನಿ. ಮುಗೀತು."

"ನಾನು ಸುಳ್ಳು ಹೇಳಲ್ಲ ಪರಮೇಶಣ್ಣ. ಜಾಗ ನಂದೇ, ನೋಡ್ತಿರಿ," ಎಂದ ಮಂಜುನಾಥ.

ಆ ವಾರ ಅವನು ಭಾನುವಾರ ಸಂಜೆಯೇ ಕುಶಾಲನಗರ ಬಿಟ್ಟ. ತಾಯಿ ಚಲುವಮ್ಮ ಹಾಸನದ ಕಡೆಯವರು, ಬಾಗಿಲಿಗೆ ಅಡ್ಡ ನಿಂತರು. "ಯಾಕ್ಲಾ ಮಗ, ಇವತ್ತೊಂದಿನ ಉಳ್ಕೊಂಡ್ರೆ ಏನಾಯ್ತದೆ? ಕೋಳಿ ಸಾರು ಮಾಡಿವ್ನಿ. ಬೆಳಿಗ್ಗೆ ಯಾವತ್ತಿನಂಗೆ ಬೈಕಲ್ಲೇ ಹೋದ್ರಾಯ್ತಪ್ಪ."

"ಬೈಕಲ್ಲಿ ಹೋದ್ರೆ ಕೆಟ್ಟೆ ಕಣವ್ವ. ಈ ಸಲ ಒಂದಿನ ಬಿಟ್ರೆ, ಆಮೇಲೆ ದಿನಾ ನಿನ್ ಕೋಳಿ ಸಾರೇ."

"ಆಗುತ್ತೆ ಅಂತೀರಾ?" ವೀಣಾ ಕೇಳಿದಳು.

"ಆಗೇ ಆಗುತ್ತೆ. ಬರೆದಿಟ್ಕೋ."

ಬೈಕಿನಲ್ಲಿ ತೋಟಕ್ಕೆ ಬಂದು ಚಪ್ಪಲಿಯನ್ನು ಮೆಟ್ಟಿಲ ಮೇಲೆ ಬಿಟ್ಟು ಮಲಗಿದ. ಬೆಳಿಗ್ಗೆ ಎದ್ದು ನೋಡಿದರೆ ಒಂದು ಚಪ್ಪಲಿಯ ಪಟ್ಟಿ ಮಾತ್ರ ಇತ್ತು, ಇನ್ನೊಂದರದು ಅದೂ ಇರಲಿಲ್ಲ. ತಿಮ್ಮಯ್ಯನವರ ನಾಯಿಮರಿ ಅಂಗಳದಲ್ಲಿ ಕೂತು ಸಂತೃಪ್ತಿಯಿಂದ ಬಾಲ ಆಡಿಸುತ್ತಿತ್ತು. ಉಳಿದದ್ದು ಭಾಮೈದನ ಮದುವೆಗೆ ಕೊಂಡ ಕಪ್ಪು ಶೂ. ಅದು ಮದುವೆಯ ದಿನವೇ ಬಿಗಿಯಾಗಿತ್ತು. ಕಾಲು ತುರುಕಿಕೊಂಡು, ದೇವರಿಗೆ ಕೈ ಮುಗಿದು, ಮಂಜುನಾಥ ಹೊರಟ.

ಹವಾ ಚೆನ್ನಾಗಿತ್ತು. ಎರಡೂ ಕಡೆ ಹಣ್ಣಾದ ಕಾಫಿ, ಮಂಜಿನ ನಡುವೆ ಬಿಸಿಲು, ತೋಟಗಳ ಮಧ್ಯೆ ಒಂದೇ ಗಾಡಿ ಹಿಡಿಸುವ ಕಿರಿದಾದ ಒಳದಾರಿ. ಈ ದಾರಿಗೆ ಬಸ್ಸಿಲ್ಲ. ಕೈ ಬೀಸಿಕೊಂಡು, ಹಳೆಯ ಹಾಡೊಂದನ್ನು ಗುನುಗಿಕೊಂಡು ಅವನು ಮೊದಲ ತಿರುವು ದಾಟಿದ್ದನೋ ಇಲ್ಲವೋ, ಹಿಂದೆ ತಿಮ್ಮಯ್ಯನವರ ಜೀಪು ಬಂದು ಗಕ್ಕನೆ ನಿಂತಿತು.

"ಎಂತ ಮಂಜುನಾಥ್, ಬೈಕ್ ಕೈ ಕೊಟ್ಟಿತಾ? ಹತ್ತಿ ಹತ್ತಿ."

ಇಲ್ಲಿ ಒಂದು ವಿಷಯ ಹೇಳಬೇಕು. ಕೊಡಗಿನ ತೋಟದ ದಾರಿಯಲ್ಲಿ ಗುರುತಿನವರು ನಡೆದು ಹೋಗುತ್ತಿದ್ದರೆ ಜೀಪಿನವರು ಬಿಟ್ಟು ಹೋಗುವುದಿಲ್ಲ. ಹೋದರೆ ಆ ಸುದ್ದಿ ಸಂಜೆಯೊಳಗೆ ಅವರ ಅಡುಗೆಮನೆ ಸೇರಿ, ಊಟದ ಹೊತ್ತಿಗೆ ವಿಚಾರಣೆ ಆಗುತ್ತದೆ. ಹಾಗೆಯೇ ಕರೆದಾಗ ಹತ್ತದೆ ಇರುವುದೂ ಸಣ್ಣ ಅವಮಾನವಲ್ಲ. ಮಂಜುನಾಥ ಇಷ್ಟು ವರ್ಷ ಇಲ್ಲಿದ್ದೂ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಬೇಡ ಸಾರ್. ಇವತ್ತು ನಡೀತೀನಿ. ಹೊಗೆ ಕಡಿಮೆ ಮಾಡ್ಬೇಕು ಅಂತ ಸರ್ಕಾರದ ಆದೇಶ."

"ಜೀಪು ಹೇಗೂ ಪೇಟೆಗೆ ಹೋಗ್ತದಲ್ಲ ಮಾರಾಯ್ರೆ. ನೀವೊಬ್ಬರು ಹತ್ತಿದ್ರೆ ಹೊಗೆ ಜಾಸ್ತಿ ಬರ್ತದಾ?"

ಇದಕ್ಕೆ ಸರ್ಕಾರದ ಬಳಿಯೂ ಉತ್ತರ ಇದ್ದಿರಲಾರದು. ಅವನು ಸುಮ್ಮನೆ ನಕ್ಕು ಮುಂದೆ ನಡೆದ. ತಿಮ್ಮಯ್ಯನವರ ಮುಖ ಬಾಡಿತು.

"ನಾಯಿ ಚಪ್ಪಲಿ ಕಚ್ಚಿದ್ದಕ್ಕೆ ನನ್ನ ಮೇಲೆ ಬೇಜಾರಾ?"

"ಅಯ್ಯೋ ಇಲ್ಲ ಸಾರ್!"

"ಮತ್ತೆ ಎಂತ? ನಿನ್ನೆ ಸಂಜೆ ಈ ಬೈನೆ ಮರದ ಹತ್ರವೇ ಆನೆ ನಿಂತಿತ್ತು. ಕಾಫಿ ಪಿಕ್ಕಿಂಗ್‌ಗೆ ಬರೋ ಜನರನ್ನೂ ನಾನು ಈ ದಾರೀಲಿ ನಡೆಸಲ್ಲ. ನಿಮಗೆ ಏನಾದ್ರೂ ಆದ್ರೆ ನಿಮ್ಮ ತಾಯಿಗೆ ನಾನು ಎಂತ ಹೇಳೋದು?" ತಿಮ್ಮಯ್ಯನವರು ಸ್ವಲ್ಪ ಯೋಚಿಸಿ ಗೇರು ಬದಲಿಸಿದರು. "ಆಯ್ತು, ನೀವು ನಡೀರಿ. ನಾನು ಹಿಂದೆ ಬರ್ತೇನೆ."

ಹೀಗೆ ಹೊಗೆ ಕಡಿಮೆ ಮಾಡಲು ಮಂಜುನಾಥ ಮುಂದೆ ನಡೆದ, ಅವನನ್ನು ಆನೆಯಿಂದ ಕಾಪಾಡಲು ಜೀಪು ಫಸ್ಟ್ ಗೇರಿನಲ್ಲಿ ಗೊರಗೊರ ಎನ್ನುತ್ತ ಹಿಂದೆ ಬಂತು. ಪೊದೆ ಕಂಡಲ್ಲೆಲ್ಲ ತಿಮ್ಮಯ್ಯನವರು ಹಾರ್ನ್ ಒತ್ತುತ್ತಿದ್ದರು. ಪ್ರತಿ ಹಾರ್ನಿಗೂ ಮಂಜುನಾಥ ಬೆಚ್ಚಿಬೀಳುತ್ತಿದ್ದ. ಆನೆ ಬಂದಿದ್ದರೂ ಅವನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ.

ಮುಂದಿನ ತಿರುವಿನಲ್ಲಿ ಪಕ್ಕದ ತೋಟದ ಮೊಣ್ಣಪ್ಪನ ಪಿಕಪ್ ಸೇರಿಕೊಂಡಿತು. ಹಿಂದೆ ಕಾಫಿ ಕೊಯ್ಯುವವರು ತುಂಬಿದ್ದರು. ಜೀಪನ್ನು ದಾಟಿ ಹೋಗಲು ಜಾಗವಿರಲಿಲ್ಲ. ಮುಂದೆ ಕಪ್ಪು ಶೂ ಹಾಕಿಕೊಂಡ ಒಬ್ಬ ಮನುಷ್ಯ ತಲೆ ತಗ್ಗಿಸಿ ನಡೆಯುತ್ತಿರುವುದನ್ನೂ ಜೀಪು ಅವನ ಹಿಂದೆ ತೆವಳುವುದನ್ನೂ ನೋಡಿ ಎಲ್ಲರೂ ಗಪ್‌ಚುಪ್ ಆದರು.

"ಯಾರು ತೀರಿಹೋದದ್ದು?" ಮೊಣ್ಣಪ್ಪ ತಲೆ ಹೊರಹಾಕಿ ಮೆಲ್ಲಗೆ ಕೇಳಿದ.

"ಯಾರೂ ಹೋಗಿಲ್ಲ ಮಾರಾಯ. ಗುಮಾಸ್ತರು ನಡೀತಿದ್ದಾರೆ. ಗಾಡಿ ಹತ್ತಲ್ವಂತೆ," ಎಂದರು ತಿಮ್ಮಯ್ಯ.

ಪಿಕಪ್ಪಿನಲ್ಲಿ ಎದ್ದು ನಿಂತಿದ್ದ ದೊಡ್ಡಿ ಎಂಬಾಕೆ ಕೊಯ್ಯುವವರಲ್ಲಿ ಎಲ್ಲರಿಗಿಂತ ಹಿರಿಯಳು. ಯಾವ ವಿಷಯವನ್ನೂ ಅರ್ಧಕ್ಕೆ ಬಿಡುವವಳಲ್ಲ. "ಗಾಡಿ ಇದ್ದೂ ಹತ್ತಲ್ಲ ಅಂದ್ರೆ ಹರಕೆಯೇ ಅದು. ಹೆಂಡ್ತಿ ಮಕ್ಕಳು ದೂರ ಇದ್ದಾರಲ್ಲ, ವರ್ಗ ಆಗ್ಲಿ ಅಂತ ಹೊತ್ತಿರ್ತಾರೆ ಪಾಪ. ಯಾರೂ ಮಾತಾಡಿಸ್ಬೇಡಿ, ಹರಕೆ ಕೆಡ್ತದೆ."

"ಹರಕೆ ಅಲ್ಲಮ್ಮ, ಸರ್ಕಾರ..." ಎಂದು ಮಂಜುನಾಥ ತಿರುಗಿದ.

"ಶ್! ಮಾತಾಡ್ಬೇಡಿ ಸಾಮಿ, ನಡೀರಿ ನಡೀರಿ," ಎಂದು ದೊಡ್ಡಿ ಎರಡೂ ಕೈಯೆತ್ತಿ ಮುಗಿದಳು. ಅವಳನ್ನು ನೋಡಿ ಉಳಿದವರೂ ಮುಗಿದರು.

ಇಷ್ಟು ಹೊತ್ತಿಗೆ ಶೂ ತನ್ನ ಕೆಲಸ ಶುರುಮಾಡಿತ್ತು. ಎಡಗಾಲಿನ ಹಿಮ್ಮಡಿ ಉರಿಯುತ್ತಿತ್ತು, ಬಲಗಾಲಿನ ಕಿರುಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಏರು ಶುರುವಾಗುವ ಕಡೆ ಅಡ್ಡದಾರಿಯಿಂದ ಒಂದು ಹಸಿರು ಆಟೋ ಸದ್ದಿಲ್ಲದೆ ಬಂದು ಅವನ ಮುಂದೆ ನಿಂತಿತು. ಪರಿಚಯದ ಹುಡುಗ ಅಭಿಲಾಷನ ಹೊಸ ಆಟೋ. ಸರ್ಕಾರದ ಸಬ್ಸಿಡಿಯಲ್ಲಿ ತೆಗೆದದ್ದು, ಬ್ಯಾಟರಿಯದು.

"ಮಂಜಣ್ಣ, ಹತ್ತಿ."

"ಇವತ್ತು ಹೊಗೆ ಗಾಡಿ ಹತ್ತಲ್ಲ ಅಭಿ."

"ಇದ್ರಲ್ಲಿ ಹೊಗೆ ಎಲ್ಲಿದೆ ಅಣ್ಣ? ಬಗ್ಗಿ ನೋಡಿ, ಸೈಲೆನ್ಸರೇ ಇಲ್ಲ! ಸರ್ಕಾರದವರೇ ತಗೋ ಅಂದ್ರು, ತಗೊಂಡೆ. ಈಗ ಸರ್ಕಾರದವರೇ ಕೂರಲ್ಲ ಅಂದ್ರೆ ನಾನು ಯಾರನ್ನ ಕೂರಿಸ್ಲಿ?"

ಮಾತು ನ್ಯಾಯವಾಗಿತ್ತು. ಪೆಟ್ರೋಲಿಲ್ಲ, ಡೀಸೆಲಿಲ್ಲ, ಆದೇಶಕ್ಕೂ ಅಡ್ಡಿಯಿಲ್ಲ. ಹಿಮ್ಮಡಿ ಕೂಡ ಹೂಂ ಅನ್ನು ಎಂದು ಗೋಗರೆಯುತ್ತಿತ್ತು. ಮಂಜುನಾಥ ಮೇಲೆ ಕೆಳಗೆ ನೋಡಿ ಒಂದು ಕಾಲನ್ನು ಆಟೋದ ಒಳಗಿಟ್ಟ. "ಅಯ್ಯೋ ಹರಕೆ!" ಎಂದು ದೊಡ್ಡಿ ಚೀರಿದಳು. ಅದೇ ಕ್ಷಣಕ್ಕೆ ಆಟೋದ ದೀಪಗಳೆಲ್ಲ ಒಮ್ಮೆ ಮಿಣುಕಿ ಆರಿಹೋದವು.

"ರಾತ್ರಿಯಿಡೀ ಕರೆಂಟ್ ಇರ್ಲಿಲ್ಲ ಅಣ್ಣ," ಎಂದು ಅಭಿಲಾಷ್ ತಲೆ ಕೆರೆದುಕೊಂಡ. "ಇಳಿಜಾರಲ್ಲಿ ಬಂತು, ಏರಿಗೂ ಬರ್ತದೆ ಅಂದ್ಕೊಂಡೆ."

ದೊಡ್ಡಿ ಈಗ ಎಲ್ಲರ ಕಡೆ ತಿರುಗಿ ಅರ್ಥಪೂರ್ಣವಾಗಿ ನೋಡಿದಳು. ಕಾಲಿಟ್ಟರೆ ಗಾಡಿಯೇ ಸಾಯುತ್ತದೆ ಅಂದಮೇಲೆ ಇನ್ನು ಹರಕೆಯ ಬಗ್ಗೆ ಅಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ.

ಆಟೋ ದಾರಿಗೆ ಅಡ್ಡ ನಿಂತಿತ್ತು. ಅದು ಕದಲದೆ ಯಾರೂ ಕದಲುವಂತಿರಲಿಲ್ಲ. ಬೇರೆ ದಾರಿ ಕಾಣದೆ ಮಂಜುನಾಥ ಹಿಂದಿನಿಂದ ತಳ್ಳತೊಡಗಿದ. ಅಭಿಲಾಷ್ ಹ್ಯಾಂಡಲ್ ಹಿಡಿದು ಕೂತ, ಯಾರಾದರೂ ದಾರಿ ತೋರಿಸಬೇಕಲ್ಲ. ಇಳಿದು ಬಂದು ಕೈ ಹಾಕಲು ಹೊರಟ ಹುಡುಗರನ್ನು ದೊಡ್ಡಿ "ಅವರ ಹರಕೆ, ಅವರೇ ಮಾಡ್ಬೇಕು" ಎಂದು ತಡೆದಳು. ಆಟೋದ ಹಿಂದೆ ಬೆವರುತ್ತ ಮಂಜುನಾಥ, ಅವನ ಹಿಂದೆ ಜೀಪು, ಜೀಪಿನ ಹಿಂದೆ ಪಿಕಪ್ಪು. ಅದರ ಹಿಂದೆ, ಹತ್ತಿರದ ದಾರಿಯೆಂದು ಒಳಗೆ ನುಗ್ಗಿ ಕೆಮ್ಮುತ್ತ ಬಂದು ಸಿಕ್ಕಿಕೊಂಡದ್ದು ಪರಮೇಶಪ್ಪನ ಡೀಸೆಲ್ ಕಾರು. ಅದರ ಬೆನ್ನಿಗೇ ಹಾಲಿನ ವ್ಯಾನು.

ಪರಮೇಶಪ್ಪ ಹಾರ್ನ್ ಒತ್ತಿ ಒತ್ತಿ ಬೇಸತ್ತು ಇಳಿದು ಓಡಿಬಂದ. "ಏನಪ್ಪಾ ಇದು ಮೆರವಣಿಗೆ? ಪಕ್ಕಕ್ಕೆ ತಗೊಳ್ಳೋ! ಮೇಡಂ ಗೇಟಿಗೆ ಬರೋಕ್ ಮುಂಚೆ ನಾನು ಬೇಕರಿ ಮುಟ್ಬೇಕು!"

"ಪಕ್ಕ ಎಲ್ಲಿದೆ ಪರಮೇಶಣ್ಣ? ಎರಡೂ ಕಡೆ ಚರಂಡಿ. ಬೇಕಾದ್ರೆ ನೀವೂ ತಳ್ಳಿ, ಬೇಗ ಹೋಗ್ತದೆ."

"ನನಗೆ ಸೊಂಟ ನೋವು," ಎಂದು ಪರಮೇಶಪ್ಪ ವಾಪಸು ಹೋಗಿ ಕಾರಿನಲ್ಲಿ ಕೂತ. ಮಂಜುನಾಥನಿಗೆ ಒಳಗೊಳಗೇ ಖುಷಿಯಾಯಿತು. ಸುಳ್ಳುಗಾರ ಇವತ್ತು ಕಾರಿನ ಸಮೇತ ಸಿಕ್ಕಿಬೀಳುತ್ತಾನೆ, ತಾನು ಬೆವರಿನ ಸಮೇತ ಗೆಲ್ಲುತ್ತೇನೆ. ಈ ಯೋಚನೆಯೇ ಅವನ ತೋಳಿಗೆ ಬಲ ಕೊಟ್ಟಿತು. ಆಟೋ ಏರು ಹತ್ತಿತು.

ಪೇಟೆಗೆ ಬಂದಾಗ ಅಂಗಡಿಯವರೆಲ್ಲ ಹೊರಗೆ ಬಂದು ನಿಂತರು. ಬೇಕರಿ ಬಂತು. ಪರಮೇಶಪ್ಪ ಅತ್ತ ತಿರುಗಿಸಲು ನೋಡಿದ, ಆದರೆ ಓಣಿಯ ಬಾಯಲ್ಲೇ ಜನ ಗುಂಪುಗಟ್ಟಿದ್ದರು, ಹಿಂದಿನಿಂದ ಹಾಲಿನ ವ್ಯಾನಿನವನು ಬಾಯಿಗೆ ಬಂದಂತೆ ಬೈಯುತ್ತಿದ್ದ. ಬೇಕರಿ ಹಿಂದೆ ಸರಿಯಿತು. ಇಡೀ ಮೆರವಣಿಗೆ ಕಚೇರಿಯ ಗೇಟಿಗೆ ಬಂದು ನಿಂತಿತು.

ಗೇಟಿನಲ್ಲಿ ಯಮುನ ಮೇಡಂ ಕೈಕಟ್ಟಿ ನಿಂತಿದ್ದರು. ಮೊದಲು ಆಟೋ ನೋಡಿದರು, ಆಮೇಲೆ ಅದರ ಹಿಂದಿನಿಂದ ಎದ್ದುಬಂದ ಮಂಜುನಾಥನನ್ನು ನೋಡಿದರು.

"ಕರೆಂಟ್ ಗಾಡಿಯನ್ನೂ ಕರೆಂಟಿಲ್ಲದೆ ತಂದಿದ್ದೀರಲ್ರೀ ಮಂಜುನಾಥ್!"

ಮಂಜುನಾಥನಿಗೆ ಮಾತಾಡಲು ಉಸಿರಿರಲಿಲ್ಲ. ಅವನ ಪರವಾಗಿ ತಿಮ್ಮಯ್ಯನವರು ಜೀಪಿನಿಂದ ಇಳಿದು ಬಂದರು. "ನಾನೇ ಸಾಕ್ಷಿ ಮೇಡಂ. ಮನೆಯಿಂದ ಇಲ್ಲಿಯವರೆಗೆ ಒಂದು ಹೆಜ್ಜೆಯೂ ಗಾಡಿಯಲ್ಲಿ ಬಂದಿಲ್ಲ. ನಮ್ಮ ಔಟ್‌ಹೌಸಲ್ಲೇ ಇರೋದು. ಹತ್ತಿರವೇ ಮೇಡಂ, ಎಂಥಾ ದೂರ ಅಲ್ಲ. ಇವರು ದಿನಾ ಬೇಕಾದ್ರೂ ನಡೀತಾರೆ, ಅಂಥ ಮನುಷ್ಯ."

ಮಂಜುನಾಥ ಕೃತಜ್ಞತೆಯಿಂದ ಅವರನ್ನು ನೋಡಿದ. ಅಷ್ಟರಲ್ಲಿ ಪರಮೇಶಪ್ಪನ ಕಾರು ಗೇಟಿನ ಮುಂದೆ ಎರಡು ಸಲ ಕುಲುಕಿ ಕಪ್ಪು ಹೊಗೆಯ ಒಂದು ದೊಡ್ಡ ಮುದ್ದೆಯನ್ನು ಉಗುಳಿ ನಿಂತಿತು. ಮೇಡಂ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಹೊಗೆ ತಿಳಿಯಾದ ಮೇಲೆ ಒಳಗೆ, ಹಣೆಗೆ ನೀರು ಹಚ್ಚಿಕೊಳ್ಳಲು ಬಾಟಲಿ ಕೈಯಲ್ಲಿ ಹಿಡಿದಿದ್ದ ಪರಮೇಶಪ್ಪ ಕಾಣಿಸಿದ.

"ಇಬ್ಬರೂ ಒಳಗೆ ಬನ್ನಿ," ಎಂದರು ಮೇಡಂ.

ಮಂಜುನಾಥ ಕುಂಟುತ್ತ, ಆದರೆ ಎದೆಯುಬ್ಬಿಸಿ ಹೋದ. ದಾರಿಯಲ್ಲೇ ವೀಣಾಗೆ ಫೋನು ಮಾಡಿ "ಆಯ್ತು ಅಂದ್ಕೋ" ಎಂದುಬಿಟ್ಟ. ಪರಮೇಶಪ್ಪ ಅಮಾನತಿನ ಆದೇಶ ನಿರೀಕ್ಷಿಸುವವನಂತೆ ಹಿಂದೆ ಹಿಂದೆ ಬಂದ.

ಮೇಡಂ ಕೂತರು. "ಕುಶಾಲನಗರಕ್ಕೆ ಪರಮೇಶಪ್ಪ."

ಮೊದಲು ಬೆಚ್ಚಿಬಿದ್ದವನು ಪರಮೇಶಪ್ಪನೇ. ಬಾಟಲಿ ಕೈಜಾರಿತು.

"ಮೇಡಂ!" ಎಂದ ಮಂಜುನಾಥ. "ಅವರು ಕಾರಲ್ಲಿ ಬಂದ್ರು ಮೇಡಂ!"

"ಅದಕ್ಕೇ. ಹೊಗೆ ನೋಡಿದ್ರಾ? ದಿನಾ ಕುಶಾಲನಗರದಿಂದ ಈ ಕಾರು ಇಲ್ಲಿವರೆಗೆ ಬಂದು ಹೋಗೋದು ಅಂದ್ರೆ ನಮ್ಮ ತಾಲೂಕಿನ ಅರ್ಧ ಹೊಗೆ ಇವರೊಬ್ಬರದೇ. ಮನೆ ಹತ್ತಿರ ಹಾಕಿದ್ರೆ ಆ ಓಡಾಟವೇ ಇಲ್ಲ. ಓಡಾಟ ಕಡಿಮೆ ಮಾಡೋದೇ ನಮ್ಮ ಗುರಿ ಅಂತ ಶುಕ್ರವಾರವೇ ಹೇಳ್ಲಿಲ್ವಾ?"

"ಮೇಡಂ, ನನ್ನ ಮನೆ ಕೂಡ ಕುಶಾಲನಗರದಲ್ಲೇ ಇರೋದು! ಪ್ರತಿ ಸೋಮವಾರ ನಾನೂ ಅಲ್ಲಿಂದಲೇ ಬೈಕಲ್ಲಿ ಬರ್ತೀನಿ!"

"ಇವತ್ತು ಸೋಮವಾರ. ಅಲ್ಲಿಂದ ಬಂದ್ರಾ?"

ಬಿಟ್ಟುಬಂದ ಚಲುವಮ್ಮನ ಕೋಳಿ ಸಾರು ಮಂಜುನಾಥನ ಕಣ್ಣಮುಂದೆ ಬಂತು.

"ನಿಮ್ಮನ್ನ ನಾನು ಕಣ್ಣಾರೆ ನೋಡಿದೆ. ಸಾಕ್ಷಿಯೂ ಇದ್ದಾರೆ," ಮೇಡಂ ಪ್ರೀತಿಯಿಂದಲೇ ಹೇಳಿದರು. "ಇಡೀ ಆಫೀಸಲ್ಲಿ ನಡೆದು ಬರೋ ದೂರದಲ್ಲಿ ಇರೋರು ನೀವೊಬ್ಬರೇ. ನಿಮ್ಮನ್ನ ಇಲ್ಲಿಂದ ಎಬ್ಬಿಸಿದ್ರೆ ಸರ್ಕಾರದ ಗುರಿಗೇ ಏಟು. ನಾನಿರೋವರೆಗೂ ನಿಮ್ಮನ್ನ ಯಾರೂ ಅಲುಗಾಡಿಸಲ್ಲ. ಹೆದರ್ಬೇಡಿ."

ಹೊರಗೆ ಬಂದ ಪರಮೇಶಪ್ಪ ಮಂಜುನಾಥನನ್ನು ತಬ್ಬಿಕೊಂಡೇಬಿಟ್ಟ. ಅವನ ಕಣ್ಣಲ್ಲಿ ನಿಜವಾದ ನೀರಿತ್ತು. "ನೀನು ದಾರಿ ಕಟ್ಟದೆ ಹೋಗಿದ್ರೆ ನಾನು ಬಸ್ಸಲ್ಲಿ ಬಂದೆ ಅಂತ ಸುಳ್ಳು ಹೇಳಿ ಹಾಳಾಗ್ತಿದ್ದೆ ಮಂಜು. ಈ ಉಪಕಾರ ಸಾಯೋವರೆಗೂ ಮರೆಯಲ್ಲ." ಮಧ್ಯಾಹ್ನ ಅದೇ ಬೇಕರಿಯಿಂದ ಮೈಸೂರುಪಾಕು ತರಿಸಿ ಹಂಚಿದ. ಮಂಜುನಾಥನಿಗೆ ಎರಡು ತುಂಡು ಕೊಟ್ಟ.

ಸಂಜೆ ಕಚೇರಿ ಬಿಟ್ಟಾಗ ಮಂಜುನಾಥ ಶೂ ಕೈಯಲ್ಲಿ ಹಿಡಿದು ಒಳದಾರಿಗೆ ಇಳಿದ. ಎರಡೂ ಹಿಮ್ಮಡಿಯಲ್ಲಿ ಗುಳ್ಳೆಗಳು ಒಡೆದಿದ್ದವು. ಫೋನು ಬಡಿದುಕೊಂಡಿತು. ಲಿಖಿತಾ.

"ಅಪ್ಪಾ, ಅಮ್ಮ ಹೇಳ್ತು, ನೀನು ಇನ್ಮೇಲೆ ದಿನಾ ಬರ್ತೀಯಂತೆ. ಇವತ್ತೂ ಬರ್ತೀಯಾ?"

ಅವನು ಶೂವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡ. "ಭಾನುವಾರ ಬರ್ತೀನಿ ಕಂದ," ಎಂದು ಫೋನಿಟ್ಟು ಅಲ್ಲೇ ಒಂದು ಕಲ್ಲಿನ ಮೇಲೆ ಕೂತ. ಬಹಳ ಬೇಸರವಾಯಿತು ಅವನಿಗೆ. ಅಳು ಬರುವಷ್ಟು. ಆದರೆ ಕಾಲಿನ ಉರಿ ಅದಕ್ಕೂ ಬಿಡುವು ಕೊಡಲಿಲ್ಲ. ಇನ್ನು ಸರ್ಕಾರ ಏನು ಬೇಕಾದರೂ ಅನ್ನಲಿ, ಮೊದಲು ಬಂದ ಗಾಡಿ ಹತ್ತುವುದೇ ಎಂದು ನಿರ್ಧರಿಸಿ ದಾರಿ ಬದಿಗೆ ಬಂದು ನಿಂತ.

ಮೊದಲು ಬಂದದ್ದು ಅಭಿಲಾಷನ ಆಟೋ, ಚಾರ್ಜ್ ಆಗಿ ಗೆಲುವಾಗಿತ್ತು. ಮಂಜುನಾಥ ಕೈ ಅಡ್ಡ ಹಿಡಿದ. ಅಭಿಲಾಷ್ ಗಾಬರಿಯಿಂದ ತಲೆಯಾಡಿಸಿ, "ಬೇಡ ಅಣ್ಣ, ಹೊಸ ಬ್ಯಾಟರಿ!" ಎಂದು ಕೂಗಿ ಸರ್ರನೆ ದಾಟಿಹೋದ. ಆಮೇಲೆ ಮೊಣ್ಣಪ್ಪನ ಪಿಕಪ್ ಬಂತು. ಮಂಜುನಾಥ ಎರಡೂ ಕೈ ಎತ್ತಿ ಬೀಸಿದ. ಆಶೀರ್ವಾದ ಸಿಕ್ಕಿತೆಂದು ದೊಡ್ಡಿ ತಲೆಬಾಗಿದಳು, ಪಿಕಪ್ಪಿಗೆ ಪಿಕಪ್ಪೇ ತಲೆಬಾಗಿತು. ಗಾಡಿ ನಿಲ್ಲಲಿಲ್ಲ.

ಕತ್ತಲಾಗುವ ಮುಂಚೆ ತಿಮ್ಮಯ್ಯನವರ ಜೀಪು ಕಂಡಿತು. ಮಂಜುನಾಥ ಈ ಸಲ ದಾರಿಯ ಮಧ್ಯಕ್ಕೇ ಹೋಗಿ ನಿಂತ. ಜೀಪು ನಿಂತಿತು. ಅವನಿಗೆ ಜೀವ ಬಂದಂತಾಯಿತು.

"ಮಂಜುನಾಥ್," ತಿಮ್ಮಯ್ಯನವರು ಎದೆಯ ಮೇಲೆ ಕೈಯಿಟ್ಟರು. "ಬೆಳಿಗ್ಗೆ ಹತ್ತಿ ಹತ್ತಿ ಅಂತ ನಿಮಗೆ ತುಂಬ ಕಾಟ ಕೊಟ್ಟೆ. ತಪ್ಪಾಯ್ತು. ಇನ್ನು ಈ ದಾರೀಲಿ ಒಬ್ಬನೂ ನಿಮ್ಮನ್ನ ಗಾಡಿಗೆ ಕರೆಯಲ್ಲ. ಎಲ್ಲರಿಗೂ ಹೇಳಿದ್ದೇನೆ."

"ಇಲ್ಲ ಸಾರ್, ಇವತ್ತು... ಆನೆ..."

"ಆನೆ ಮಧ್ಯಾಹ್ನವೇ ಹೊಳೆ ದಾಟಿತು. ಧೈರ್ಯವಾಗಿ ನಡೀರಿ."

ಗೌರವದಿಂದ ಅವನನ್ನು ಸುತ್ತುಹಾಕಿ, ಒಂದು ಚಕ್ರವನ್ನು ಚರಂಡಿಯ ಅಂಚಿಗೆ ಇಳಿಸಿ ಹತ್ತಿಸಿ, ಜೀಪು ಹೊರಟಿತು. ಮಂಜುನಾಥ ಶೂ ಎತ್ತಿ ಬೀಸುತ್ತ ಸ್ವಲ್ಪ ದೂರ ಹಿಂದೆ ಓಡಿದ, ಓಡಲಾಗದೆ ನಿಂತ. ಮುಂದಿನ ಸೀಟಿನಲ್ಲಿ ಹಾಯಾಗಿ ಕೂತಿದ್ದ ನಾಯಿಮರಿ ಕಿಟಕಿಯಿಂದ ತಲೆ ಹೊರಹಾಕಿ, ಅವನ ಕೈಯಲ್ಲಿದ್ದ ಶೂವನ್ನೇ ನೋಡುತ್ತ ಹೋಯಿತು.